ಉಳಿದ ಕೋಳಿ ಮೂಳೆಯಿಂದ ಬ್ರಾತ್: ನೀರು ಕಡಿಮೆ ಹಾಕಿ, ಬೇಗ ತಣ್ಣಗೆ ಮಾಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಕೋಳಿ ಇರಲೇಬೇಕು. ಕೆಲವು ಸಲ ಸಾರು ಮಾಡುತ್ತೇವೆ, ಕೆಲವು ಸಲ ಗ್ರಿಲ್ ಚಿಕನ್ ತರಿಸುತ್ತೇವೆ. ಮೂಳೆಯೆಲ್ಲ ಸುಮ್ನೆ ಕಸಕ್ಕೆ ಹೋಗುತ್ತಿತ್ತು. ಅದರಿಂದ ಬೋನ್ ಬ್ರಾತ್ ಮಾಡೋಣ ಅಂತ ಪಾತ್ರೆ ತುಂಬ ನೀರು ಹಾಕಿ ಐದಾರು ಗಂಟೆ ಕುದಿಸಿದೆ. ತೆಳ್ಳಗೆ, ಮಬ್ಬಾಗಿ ಬಂತು, ಒಂಥರಾ ವಾಸನೆ ಬೇರೆ. ಫ್ರಿಜ್‌ನಲ್ಲಿಟ್ಟರೂ ಜೆಲ್ಲಿ ಥರ ಗಟ್ಟಿಯಾಗಲಿಲ್ಲ. ಎಲ್ಲಿ ತಪ್ಪಾಯಿತು? ಕುಕ್ಕರ್‌ನಲ್ಲಿ ಮಾಡಬಹುದಾ? ಅಮ್ಮನಿಗೆ ಮಂಡಿ ನೋವಿದೆ, ಮನೆಯಲ್ಲಿ ಒಂದೂವರೆ ವರ್ಷದ ಮಗುವೂ ಇದೆ. ಇಬ್ಬರಿಗೂ ಕೊಡಬಹುದಾ?

ಉತ್ತರ: ‘ಪಾತ್ರೆ ತುಂಬ ನೀರು ಹಾಕಿ’ ಅಂತ ಬರೆದಿದ್ದೀರಲ್ಲ, ಅರ್ಧ ತಪ್ಪು ಅಲ್ಲೇ ಆಗಿದೆ. ನಾಲ್ಕು ಜನ ತಿಂದ ಮೇಲೆ ಉಳಿಯುವ ಮೂಳೆ ಎಷ್ಟು? ಎರಡು ಹಿಡಿ, ಜಾಸ್ತಿ ಅಂದರೆ ಮೂರು ಹಿಡಿ. ಅದನ್ನು ಪಾತ್ರೆ ತುಂಬ ನೀರಿನಲ್ಲಿ ಇಡೀ ದಿನ ಕುದಿಸಿದರೂ ತೆಳ್ಳಗೇ ಇರುತ್ತದೆ. ಬ್ರಾತ್ ಅಂದ ತಕ್ಷಣ ಎಲ್ಲರೂ ಎಷ್ಟು ಗಂಟೆ ಅಂತಲೇ ಕೇಳುತ್ತಾರೆ. ವಿಡಿಯೋಗಳಲ್ಲಿ ಹೇಳುವ 12 ಗಂಟೆ, 24 ಗಂಟೆಯ ಲೆಕ್ಕ ದಪ್ಪ ಮೂಳೆಯ ದೊಡ್ಡ ಪ್ರಾಣಿಗಳಿಗೆ ಸರಿ. ಕೋಳಿಗೆ ಅಷ್ಟು ಹೊತ್ತು ಬೇಕಿಲ್ಲ. ಎಂಥ ಮೂಳೆ ಹಾಕಿದಿರಿ, ಅದಕ್ಕೆ ಎಷ್ಟು ನೀರು ಹಾಕಿದಿರಿ ಅನ್ನುವುದರಲ್ಲಿ ಮುಕ್ಕಾಲು ಕೆಲಸ ಮುಗಿಯುತ್ತದೆ. ಉಳಿದ ಕಾಲು ಭಾಗ ಒಲೆ ಆರಿಸಿದ ಮೇಲಿನದು. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಆರೋಗ್ಯ ಕೆಡುವುದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜೆಲ್ಲಿಯ ವಿಷಯ. ಕೋಳಿಯ ಚರ್ಮ, ಕೀಲು, ಮೆದುಮೂಳೆ, ಮೂಳೆ ಎಲ್ಲದರಲ್ಲೂ ಕೊಲಾಜೆನ್ ಅನ್ನುವ ಪ್ರೋಟೀನ್ ಇರುತ್ತದೆ. ನೀರಿನ ಬಿಸಿ 60–70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ನಿಧಾನವಾಗಿ ಬಿಚ್ಚಿಕೊಂಡು ಜೆಲಾಟಿನ್ ಆಗಿ ನೀರಿಗೆ ಇಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. 100 ಎಂಎಲ್ ಬ್ರಾತ್‌ನಲ್ಲಿ 1 ಗ್ರಾಂ ಜೆಲಾಟಿನ್ ಇದ್ದರೆ ಫ್ರಿಜ್‌ನಲ್ಲಿ ಸ್ವಲ್ಪ ಅಲ್ಲಾಡುವ ಜೆಲ್ಲಿ ಆಗುತ್ತದೆ. 2 ಗ್ರಾಂ ಇದ್ದರೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ. ಅದೇ 1 ಗ್ರಾಂ ಜೆಲಾಟಿನ್‌ಗೆ ಎರಡರಷ್ಟು ನೀರು ಹಾಕಿದರೆ ಗಟ್ಟಿಯಾಗುವುದೇ ಇಲ್ಲ. ಹಾಗಂತ ಅದು ಕೆಟ್ಟ ಬ್ರಾತ್ ಅಲ್ಲ, ತೆಳು ಬ್ರಾತ್ ಅಷ್ಟೇ. ಸೋಸಿ, ಮುಚ್ಚಳ ತೆಗೆದು ಅರ್ಧಕ್ಕೆ ಬತ್ತಿಸಿ ನೋಡಿ. ಇನ್ನೊಂದು ಮಾತು. ಹೊರಗೆ ಇಟ್ಟು ಗಟ್ಟಿಯಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಜೆಲಾಟಿನ್ 30 ಡಿಗ್ರಿಯ ಆಸುಪಾಸಿನಲ್ಲಿ ಕರಗಿಬಿಡುತ್ತದೆ. ನಮ್ಮ ಅಡುಗೆಮನೆಯ ಸೆಕೆಗೆ ಅದು ಗಟ್ಟಿಯಾಗುವುದಿಲ್ಲ, ಪರೀಕ್ಷೆ ಫ್ರಿಜ್‌ನಲ್ಲೇ ಮಾಡಬೇಕು.

ಇನ್ನು ಮೂಳೆ. ಉಳಿದ ಮೂಳೆ ಎಲ್ಲಾ ಒಂದೇ ಅಲ್ಲ. ಸಾರು ಮಾಡಿ ತಿಂದ ಮೂಳೆಯ ಸತ್ವ ಒಂದಷ್ಟು ಆಗಲೇ ಸಾರಿಗೆ ಇಳಿದಿರುತ್ತದೆ, ಮಸಾಲೆಯೂ ಹತ್ತಿರುತ್ತದೆ. ಅದರಿಂದ ತಿಳಿಯಾದ ಸೂಪ್ ಬರುವುದಿಲ್ಲ. ಬಂದ ರಸವನ್ನು ಮುಂದಿನ ಸಾರಿಗೋ ಪಲಾವ್‌ಗೋ ನೀರಿನ ಬದಲು ಹಾಕಬಹುದು. ಗ್ರಿಲ್ ಚಿಕನ್ ಹಾಗಲ್ಲ. ಅದು ನೀರು ತಾಗದೆ ಒಣ ಬಿಸಿಯಲ್ಲಿ ಬೆಂದಿರುತ್ತದೆ. ಕೊಲಾಜೆನ್ ಬಹುಪಾಲು ಒಳಗೇ ಉಳಿದಿರುತ್ತದೆ, ಮೇಲೆ ಕೆಂಪಗೆ ಸುಟ್ಟ ಭಾಗ ಒಳ್ಳೆಯ ರುಚಿ ಕೊಡುತ್ತದೆ. ತಿಂದು ಉಳಿಯುವ ಮೂಳೆಗಳಲ್ಲಿ ಬ್ರಾತ್‌ಗೆ ಇದೇ ಮೊದಲನೆಯದು. ತೀರಾ ಕರಕಲಾದ ಚೂರು ಇದ್ದರೆ ಮಾತ್ರ ಕಿತ್ತು ಬಿಸಾಡಿ, ಅದರಿಂದ ಕಹಿ ಬರುತ್ತದೆ. ಕಬಾಬ್ ಮೂಳೆ ಬೇಡವೇ ಬೇಡ. ಕರಿದ ಎಣ್ಣೆ, ಹಿಟ್ಟು, ಕೆಲವು ಕಡೆ ಬಣ್ಣ ಬೇರೆ. ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧ ಹಾಕಿದೆ. ಆದರೂ ನೀವು ತಂದ ಪೊಟ್ಟಣದಲ್ಲಿ ಏನಿದೆ ಅಂತ ಹೇಳುವುದು ಕಷ್ಟ.

ಉಳಿದ ಮೂಳೆಗೆ ಜೊತೆಯಾಗಿ ಒಂದಿಷ್ಟು ಹಸಿ ಮೂಳೆ ಸೇರಿದರೆ ಬ್ರಾತ್‌ನ ಮಟ್ಟವೇ ಬೇರೆ. ಬೋನ್‌ಲೆಸ್ ಮಾಡಿಸಿದಾಗ ‘ಮೂಳೆನೂ ಹಾಕಿಬಿಡಿ’ ಅಂತ ಅಂಗಡಿಯವರಿಗೆ ಹೇಳಿ, ಅದಕ್ಕೂ ದುಡ್ಡು ಕೊಟ್ಟಿರುತ್ತೀರಿ. ಕುತ್ತಿಗೆ, ಬೆನ್ನು, ರೆಕ್ಕೆಯ ತುದಿ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಕೋಳಿ ಪಾದ ಕೇಳಿ. ಎಷ್ಟೋ ಅಂಗಡಿಗಳಲ್ಲಿ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಪಾದದಲ್ಲಿ ಮಾಂಸವೇ ಇಲ್ಲ. ಇರುವುದೆಲ್ಲ ಚರ್ಮ, ಸ್ನಾಯುರಜ್ಜು, ಸಣ್ಣ ಸಣ್ಣ ಕೀಲು. ಅಂದರೆ ಪೂರ್ತಿ ಕೊಲಾಜೆನ್. ಕ್ಲೀನ್ ಮಾಡುವುದಕ್ಕೆ ಅಸಹ್ಯ ಅಂತ ಹಲವರು ಮುಟ್ಟುವುದಿಲ್ಲ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಹೊರಗಿನ ಹಳದಿ ಪೊರೆ ಕಾಲುಚೀಲ ಬಿಚ್ಚಿದ ಹಾಗೆ ಬೆರಳಿಂದ ಬೆರಳಿಗೆ ಕಳಚಿ ಬರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಒಳ ಚರ್ಮವೂ ಬೆಂದು ಎರಡೂ ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸುವುದೇ ಕಷ್ಟ. ಉಗುರಿನ ಗೆಣ್ಣನ್ನು ಕತ್ತರಿಸಿ, ಉಪ್ಪು ಅರಿಶಿನ ಹಾಕಿ ಉಜ್ಜಿ ತೊಳೆದರೆ ಆಯಿತು. ಒಂದು ಕೆಜಿ ಮೂಳೆಗೆ ಇಂಥ ಆರು ಪಾದ ಸೇರಿಸಿ ನೋಡಿ. ನಿಮ್ಮ ಜೆಲ್ಲಿಯ ಚಿಂತೆ ಅಲ್ಲಿಗೇ ಮುಗಿಯುತ್ತದೆ.

ಕೋಳಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬ್ರಾಯ್ಲರ್ ಅಂಗಡಿಗೆ ಬರುವುದು ಆರು ವಾರದ ಆಸುಪಾಸಿನಲ್ಲಿ. ಅದರ ಮೂಳೆ ಎಳೆಯದು, ಕೊಲಾಜೆನ್ ಬೇಗ ಬಿಡುತ್ತದೆ, ರುಚಿ ಮಾತ್ರ ಸಪ್ಪೆ. ನಾಟಿ ಕೋಳಿ ತಿಂಗಳುಗಟ್ಟಲೆ ಓಡಾಡಿ ಬೆಳೆದದ್ದು. ಬೇಯಲು ಸಮಯ ಬೇಕು, ಕೊಡುವ ರುಚಿಯೂ ಗಾಢ. ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಟ್ಟು ಕ್ಲೀನ್ ಮಾಡಿದ ನಾಟಿ ಕೋಳಿಯಾದರೆ ಬ್ರಾತ್‌ಗೂ ಆ ಹೊಗೆಯ ಘಮ ಬರುತ್ತದೆ. ಹೆಚ್ಚಿನವರು ಮರೆಯುವ ಇನ್ನೊಂದು ಕೋಳಿ ಇದೆ. ಮೊಟ್ಟೆ ಇಡುವುದು ಕಡಿಮೆಯಾದ ಮೇಲೆ, ಸುಮಾರು ಒಂದೂವರೆ ವರ್ಷದ ಹೊತ್ತಿಗೆ, ಫಾರಂನವರು ಮಾರುವ ಲೇಯರ್ ಕೋಳಿ. ಮಾಂಸ ನಾರು ನಾರು ಅಂತ ಅದನ್ನು ಬೇಡ ಅನ್ನುತ್ತಾರೆ. ಬ್ರಾತ್‌ಗೆ ಮಾತ್ರ ಅದು ಚಿನ್ನ.

ಒಂದು ಭಾನುವಾರದ ಮೂಳೆ ಸಾಲುವುದಿಲ್ಲ, ಕೂಡಿಡಿ. ಫ್ರೀಜರ್‌ನಲ್ಲಿ ಎರಡು ಕವರ್ ಇಟ್ಟುಕೊಳ್ಳಿ. ಒಂದು ಹಸಿ ಮೂಳೆಗೆ, ಒಂದು ಬೆಂದ ಮೂಳೆಗೆ. ಗಾಳಿ ಹಿಂಡಿ ತೆಗೆದು ಕಟ್ಟಿ, ಎರಡು ಮೂರು ತಿಂಗಳೊಳಗೆ ಬಳಸಿ. ಅದಕ್ಕಿಂತ ಜಾಸ್ತಿ ಇಟ್ಟರೆ ಕೊಬ್ಬು ಕಮಟು ಹಿಡಿಯುತ್ತದೆ. ಊಟ ಮುಗಿದ ಮೇಲೆ ಮೂಳೆ ತಟ್ಟೆಯಲ್ಲೇ ಸಂಜೆವರೆಗೆ ಇರಬಾರದು. ಎರಡು ಗಂಟೆಯೊಳಗೆ ಕವರ್ ಸೇರಲಿ. ಬಾಯಿ ಹಾಕಿ ಕಚ್ಚಿದ ಮೂಳೆ ಬಳಸಬಹುದಾ ಅಂತ ಕೇಳುವವರಿದ್ದಾರೆ. ಗಂಟೆಗಟ್ಟಲೆ ಬೇಯುವುದರಿಂದ ಎಂಜಲಿನ ಕ್ರಿಮಿಗಳು ಉಳಿಯುವುದಿಲ್ಲ. ಆದರೆ ನಮ್ಮಲ್ಲಿ ಎಂಜಲು ಎಂಜಲೇ, ಅದರಲ್ಲೂ ಮಗುವಿಗೆ ಕೊಡುವ ಬ್ರಾತ್. ನನ್ನ ಸಲಹೆ: ಬಡಿಸುವ ಮೊದಲೇ ಗ್ರಿಲ್ ಚಿಕನ್‌ನ ಬೆನ್ನು, ಪಕ್ಕೆ, ಕುತ್ತಿಗೆ ಬೇರೆ ಮಾಡಿ ಎತ್ತಿಡಿ. ಅವುಗಳಲ್ಲಿ ತಿನ್ನುವುದಕ್ಕೂ ಹೆಚ್ಚೇನೂ ಇರುವುದಿಲ್ಲ. ಫ್ರೀಜರ್‌ನಿಂದ ತೆಗೆದಾಗ ಬ್ರಾಯ್ಲರ್ ಮೂಳೆಯ ತುದಿ ಕಪ್ಪಾಗಿದ್ದರೆ ಗಾಬರಿ ಬೇಡ. ಎಳೆ ಮೂಳೆಯ ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗಿರುತ್ತದೆ ಅಷ್ಟೇ, ಕೆಟ್ಟಿಲ್ಲ.

ವಾಸನೆ ಯಾಕೆ ಬಂತು ಅಂತ ಕೇಳಿದ್ದೀರಿ. ಕೋಳಿಯ ಬೆನ್ನುಮೂಳೆಯನ್ನು ಒಳಮೈ ಮೇಲೆ ಮಾಡಿ ಹಿಡಿದು ನೋಡಿ. ಎರಡೂ ಬದಿಯ ಗುಳಿಗಳಲ್ಲಿ ಕಡುಕೆಂಪು, ಮೆತ್ತಗಿನ ತುಂಡುಗಳು ಅಂಟಿಕೊಂಡಿರುತ್ತವೆ. ಮೇಲ್ಭಾಗದ್ದು ಶ್ವಾಸಕೋಶ, ಕೆಳಗಿನದು ಮೂತ್ರಪಿಂಡ. ಅಂಗಡಿಯಲ್ಲಿ ಎಷ್ಟೇ ಕ್ಲೀನ್ ಮಾಡಿದರೂ ಇವು ಉಳಿದಿರುತ್ತವೆ. ಆ ಕಹಿ, ಆ ಹಸಿ ವಾಸನೆ ಬಹುಪಾಲು ಇವುಗಳದ್ದೇ. ಹೆಬ್ಬೆರಳಿನಿಂದ ಒತ್ತಿ ಎಬ್ಬಿಸಿ ತೆಗೆದುಬಿಡಿ. ಹಸಿ ಮೂಳೆಯನ್ನು ಮೊದಲು ತಣ್ಣೀರಿನಲ್ಲಿ ಹಾಕಿ ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ, ಮೂಳೆಯನ್ನು ತೊಳೆದು ಮತ್ತೆ ಹೊಸ ನೀರಿನಲ್ಲಿ ಶುರು ಮಾಡಿದರೆ ರಕ್ತ, ಕೊಳೆ ಎಲ್ಲ ಹೋಗುತ್ತದೆ. ಜೆಲಾಟಿನ್ ಇಳಿಯಲು ಹೊತ್ತು ಹಿಡಿಯುವುದರಿಂದ ಆ ಮೊದಲ ಕುದಿಯಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ.

ಈಗ ಕುಕ್ಕರ್. ಧಾರಾಳವಾಗಿ ಮಾಡಿ. ನನ್ನ ಕೇಳಿದರೆ ನಮ್ಮ ಮನೆಗಳಿಗೆ ಇದೇ ಸರಿಯಾದ ದಾರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಪಾತ್ರೆಯಲ್ಲಿ ಮೂರು ನಾಲ್ಕು ಗಂಟೆ ಹಿಡಿಯುವ ಕೆಲಸ ಇದರಲ್ಲಿ ಒಂದು ಗಂಟೆಯೊಳಗೆ ಆಗುತ್ತದೆ. ಗ್ಯಾಸ್ ಉಳಿಯುತ್ತದೆ, ನೀರೂ ಆವಿಯಾಗಿ ಹೋಗುವುದಿಲ್ಲ.

ಒಂದು ಕೆಜಿ ಮೂಳೆ ಹಾಕಿ. ದೊಡ್ಡದಿದ್ದರೆ ಮುರಿಯಿರಿ, ಒತ್ತಿ ಕೂರಿಸಿ. ತಣ್ಣೀರು ಹುಯ್ಯಿರಿ. ಮೂಳೆ ಮುಳುಗಿ ಮೇಲೆ ಅರ್ಧ ಬೆರಳು ನಿಂತರೆ ಸಾಕು, ಸುಮಾರು ಒಂದೂವರೆ ಲೀಟರ್. ಕುಕ್ಕರ್ ಮೂರನೇ ಎರಡು ಭಾಗಕ್ಕಿಂತ ತುಂಬಬಾರದು. ಮುಚ್ಚಳ ಹಾಕದೆ ಕುದಿ ಬರಿಸಿ, ಮೇಲೆ ಬರುವ ಬೂದು ನೊರೆಯನ್ನು ಸೌಟಿನಿಂದ ತೆಗೆಯಿರಿ. ನೊರೆ ನಿಂತ ಮೇಲೆ ಮುಚ್ಚಳ ಹಾಕಿ. ಮೊದಲ ವಿಷಲ್ ಬಂದ ತಕ್ಷಣ ಉರಿಯನ್ನು ಸಿಮ್‌ಗೆ ತಂದು 45 ನಿಮಿಷ ಬಿಡಿ. ನಾಟಿ ಕೋಳಿಗೆ, ಲೇಯರ್‌ಗೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ವಿಷಲ್ ಎಣಿಸಬೇಡಿ. ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತದೆ, ಗಡಿಯಾರ ನೋಡಿ. ಒಲೆ ಆರಿಸಿದ ಮೇಲೆ ಆವಿ ತಾನಾಗಿಯೇ ಇಳಿಯಲಿ. ವೆಯ್ಟ್ ಎತ್ತಿ ಬುಸ್ ಅನ್ನಿಸಿದರೆ ಒಳಗೆ ಒಮ್ಮೆಲೇ ಕೊತಕೊತ ಕುದಿದು ಕೊಬ್ಬು ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ಬೆರೆಯುತ್ತದೆ, ಬ್ರಾತ್ ಮಬ್ಬಾಗುತ್ತದೆ. ನಿಮ್ಮ ಪಾತ್ರೆಯ ಬ್ರಾತ್ ಮಬ್ಬಾಗಿದ್ದಕ್ಕೂ ಇದೇ ಕಾರಣ. ಪಾತ್ರೆಯಲ್ಲೇ ಮಾಡುವುದಾದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿ ಸಾಕು. ಮಬ್ಬಾದರೆ ರುಚಿ, ಸತ್ವ ಏನೂ ಕಡಿಮೆಯಾಗಿಲ್ಲ, ನೋಟ ಮಾತ್ರ.

ಬೆಂದಿದೆಯಾ ಅಂತ ತಿಳಿಯಲು ಒಂದು ಕೀಲು ತೆಗೆದು ಬೆರಳುಗಳ ನಡುವೆ ಒತ್ತಿ ನೋಡಿ. ಮೆದುಮೂಳೆ ಸುಲಭವಾಗಿ ಕಳಚಿ ಬಂದರೆ, ಬೆರಳಿಗೆ ಬೆರಳು ಅಂಟಿಕೊಂಡರೆ ಆಯಿತು ಅಂತ. ಆ ಅಂಟೇ ಜೆಲಾಟಿನ್. ಅದನ್ನು ದಾಟಿ ಮತ್ತೆ ಎರಡು ಗಂಟೆ ಕುಕ್ಕರ್‌ನಲ್ಲಿ ಇಟ್ಟರೆ ಲಾಭಕ್ಕಿಂತ ನಷ್ಟ ಜಾಸ್ತಿ. ಜಾಸ್ತಿ ಬಿಸಿಗೆ ಜೆಲಾಟಿನ್ ಎಳೆಗಳೇ ತುಂಡಾಗಿ, ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತವೆ.

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ದಂಟು, ಕಾಳುಮೆಣಸು ಇವನ್ನೆಲ್ಲ ಮೊದಲೇ ಹಾಕಬೇಡಿ. ಮೂಳೆ ಬೆಂದ ಮೇಲೆ ಮುಚ್ಚಳ ತೆಗೆದು, ಇವನ್ನು ಹಾಕಿ ಅರ್ಧ ಗಂಟೆ ಸಣ್ಣಗೆ ಕಾಯಿಸಿದರೆ ಘಮ ಉಳಿಯುತ್ತದೆ. ಎಲೆಕೋಸು, ಹೂಕೋಸು ಬೇಡ, ಗಂಧಕದ ವಾಸನೆ ಬಿಡುತ್ತವೆ. ಉಪ್ಪು ಕೊನೆಗೆ. ಅದೂ ಕುಡಿಯುವ ಬಟ್ಟಲಿಗೆ ಮಾತ್ರ. ಮೊದಲೇ ಹಾಕಿದರೆ ಬತ್ತಿಸಿದಾಗ ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ, ಮಗುವಿಗೆ ಬೇರೆ ತೆಗೆದಿಡಲೂ ಆಗುವುದಿಲ್ಲ. ವಿನೆಗರ್ ಹಾಕಿದರೆ ಮೂಳೆಯ ಕ್ಯಾಲ್ಸಿಯಂ ಎಲ್ಲ ಕರಗಿ ಬರುತ್ತದೆ ಅನ್ನುವ ನಂಬಿಕೆ ಇದೆ. ಒಂದೆರಡು ಚಮಚ ಹುಳಿಯಿಂದ ಹಾಗೆ ಆಗುವುದಿಲ್ಲ. ರುಚಿಗೆ ಬೇಕಿದ್ದರೆ ಹಾಕಿ. ಕೊಡಗಿನವರ ಮನೆಯಲ್ಲಿ ಕಾಚಂಪುಳಿ ಇದ್ದರೆ ಕೊನೆಗೆ ನಾಲ್ಕು ಹನಿ ಬಿಟ್ಟು ನೋಡಿ, ವಿನೆಗರ್‌ಗಿಂತ ಎಷ್ಟೋ ಚೆನ್ನ.

ಈಗ ಒಲೆ ಆರಿಸಿದ ಮೇಲಿನ ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ರಾತ್ರಿ ಬ್ರಾತ್ ಮಾಡಿ, ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು ಮಲಗಿ, ಬೆಳಿಗ್ಗೆ ಮತ್ತೆ ಕುದಿಸಿಕೊಂಡರೆ ಆಯಿತು ಅಂದುಕೊಳ್ಳುವವರು ತುಂಬಾ ಜನ. ಇದು ಅಪಾಯ. ಮೂಳೆಯ ರಸ ಮನುಷ್ಯರಿಗೆ ಎಷ್ಟು ಪುಷ್ಟಿಯೋ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಪುಷ್ಟಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಮಾಂಸದ ರಸ ನಿಧಾನವಾಗಿ ಆರುವಾಗ, ಉಗುರು ಬೆಚ್ಚಗಿನ ಬಿಸಿಯಲ್ಲಿ, ಅವು ಮೊಳೆತು ಬಹಳ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಎರಡು ಮೂರು ಲೀಟರ್ ಬ್ರಾತ್ ಮುಚ್ಚಿಟ್ಟರೆ ಅದರ ನಡುಭಾಗ ಎಷ್ಟೋ ಗಂಟೆ ಬೆಚ್ಚಗೇ ಇರುತ್ತದೆ. ಬೆಳಿಗ್ಗೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಬೇರೆ ಕೆಲವು ಜಾತಿಯವು ಅಷ್ಟರಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಬಿಸಿ ಇರುವಾಗಲೇ ಸೋಸಿ, ಮೂಳೆ ಬೇರೆ ಮಾಡಿ. ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ, ಸಿಂಕ್‌ನಲ್ಲಿ ತಣ್ಣೀರು ನಿಲ್ಲಿಸಿ ಅದರೊಳಗೆ ಇಡಿ. ಐಸ್ ಇದ್ದರೆ ಆ ನೀರಿಗೆ ಹಾಕಿ. ಆಗಾಗ ಸೌಟಿನಿಂದ ತಿರುಗಿಸಿ, ನೀರು ಬಿಸಿಯಾದರೆ ಬದಲಿಸಿ. 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ ಫ್ರಿಜ್‌ನ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು ಅನ್ನುವುದು ದೊಡ್ಡ ಅಡುಗೆಮನೆಗಳು ಪಾಲಿಸುವ ನಿಯಮ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ತಳ ಮುಟ್ಟಿ ನೋಡಿ. ತಣ್ಣಗಾದ ತಕ್ಷಣ ಸಣ್ಣ ಡಬ್ಬಿಗಳಿಗೆ ಹಾಕಿ ಫ್ರಿಜ್‌ಗೆ ಇಡಿ. ರಾತ್ರಿ ಹತ್ತು ಗಂಟೆಗೆ ಇಷ್ಟೆಲ್ಲ ಮಾಡಲು ಆಗುವುದಿಲ್ಲ ಅಂದರೆ ಬ್ರಾತ್ ಅನ್ನು ಬೆಳಿಗ್ಗೆ ಶುರು ಮಾಡಿ.

ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ ಇರುತ್ತದೆ. ಮೇಲೆ ಬೆಳ್ಳಗೆ ಗಟ್ಟಿಯಾಗುವ ಕೊಬ್ಬಿನ ಪದರವನ್ನು ಬಳಸುವವರೆಗೆ ಹಾಗೇ ಬಿಡಿ. ಆಮೇಲೆ ಎತ್ತಿ ಬೇರೆ ಇಟ್ಟರೆ ಈರುಳ್ಳಿ ಹುರಿಯಲು ಒಳ್ಳೆಯದು. ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು. ಜಾಗ ಇಲ್ಲದಿದ್ದರೆ ಕಾಲು ಭಾಗಕ್ಕೆ ಬತ್ತಿಸಿ ಐಸ್ ಟ್ರೇಯಲ್ಲಿ ಹಾಕಿ, ಬೇಕಾದಾಗ ಒಂದೊಂದು ತುಂಡಿಗೆ ನೀರು ಸೇರಿಸಿ. ಗಾಜಿನ ಬಾಟಲಿ ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಹಿಗ್ಗಿ ಒಡೆಯುತ್ತದೆ. ಕರೆಂಟ್ ದಿನಗಟ್ಟಲೆ ಹೋಗುವ ಊರಾದರೆ ಒಂದೆರಡು ದಿನಕ್ಕೆ ಆಗುವಷ್ಟೇ ಮಾಡಿಕೊಳ್ಳಿ. ಬಳಸುವಾಗ ಪ್ರತಿ ಸಲ ಚೆನ್ನಾಗಿ ಕುದಿಸಿ.

ಅಮ್ಮನ ಮಂಡಿ ನೋವಿಗೆ ಬರೋಣ. ಕುಡಿದ ಜೆಲಾಟಿನ್ ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ಬೇರೆ ಪ್ರೋಟೀನ್‌ಗಳ ಹಾಗೆಯೇ ಒಡೆದು ಸಣ್ಣ ತುಣುಕುಗಳಾಗುತ್ತದೆ. ಬ್ರಾತ್ ಕುಡಿದರೆ ಸವೆದ ಮಂಡಿ ಮತ್ತೆ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಚೆನ್ನಾಗಿ ಜೆಲ್ಲಿಯಾಗುವ ಬ್ರಾತ್ 200 ಎಂಎಲ್ ಕುಡಿದರೆ ಸಿಗುವುದು ಸುಮಾರು 4 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಬ್ರಾತ್‌ನದು ಟ್ರಿಪ್ಟೊಫ್ಯಾನ್ (ದೇಹಕ್ಕೆ ಊಟದಿಂದಲೇ ಸಿಗಬೇಕಾದ ಒಂದು ಅಮಿನೊ ಆಮ್ಲ) ಇಲ್ಲದ ಅರೆ ಪ್ರೋಟೀನ್ ಬೇರೆ. ಕ್ಯಾಲ್ಸಿಯಂ ಬಹಳ ಕಡಿಮೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬ್ರಾತ್ ಅದರ ಹತ್ತಿರವೂ ಬರುವುದಿಲ್ಲ. ಹಾಗಾಗಿ ಅಮ್ಮ ಮುದ್ದೆ ಬಿಟ್ಟು ಸೂಪ್ ಕುಡಿಯುವುದು ಬೇಡ, ಮುದ್ದೆ ಜೊತೆ ಕುಡಿಯಲಿ. ಬಿಸಿಬಿಸಿಯಾಗಿ ಹೊಟ್ಟೆಗೆ ಹಿತ, ಹಸಿವು ಇಲ್ಲದ ದಿನ ಏನಾದರೂ ಒಳಗೆ ಹೋಗುತ್ತದೆ, ನೀರಿನ ಅಂಶ ಸಿಗುತ್ತದೆ. ಅಷ್ಟು ಸಾಕಲ್ವಾ? ಬಿಪಿ ಇದ್ದರೆ ಉಪ್ಪು ಬೇಡ. ಯೂರಿಕ್ ಆಸಿಡ್ ಜಾಸ್ತಿ ಇದ್ದರೆ, ಗೌಟ್ ಇದ್ದರೆ ಬ್ರಾತ್‌ನಿಂದ ದೂರ ಇರುವುದು ಒಳ್ಳೆಯದು, ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಅದರಲ್ಲಿ ಇಳಿದಿರುತ್ತದೆ. ಮಂಡಿ ನೋವಿಗೆ ಅದೇ ಕಾರಣ ಅಲ್ಲ ಅಂತ ಮೊದಲು ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಕಿಡ್ನಿ ತೊಂದರೆ ಇರುವವರೂ ಕೇಳಿಯೇ ಕುಡಿಯಬೇಕು.

ಶೀತಕ್ಕೆ ಚಿಕನ್ ಸೂಪ್ ಒಳ್ಳೆಯದು ಅನ್ನುವ ಮಾತಿಗೆ ಒಂದಿಷ್ಟು ಪರೀಕ್ಷೆ ನಡೆದಿದೆ. ಅಮೆರಿಕದ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನ್ನಾರ್ಡ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉರಿಯೂತಕ್ಕೆ ಕಾರಣವಾಗುವ ಬಿಳಿ ರಕ್ತಕಣಗಳ ಓಡಾಟವನ್ನು ಚಿಕನ್ ಸೂಪ್ ತಗ್ಗಿಸಿತ್ತು. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು, ರೋಗಿಗಳ ಮೇಲೆ ಅಲ್ಲ. ಆ ಸೂಪ್‌ನಲ್ಲಿ ತರಕಾರಿಯೂ ಇತ್ತು.

ಮಗುವಿಗೆ ಕೊಡಬಹುದು. ಉಪ್ಪು, ಖಾರ ಹಾಕುವ ಮೊದಲೇ ಬೇರೆ ತೆಗೆದಿಡಿ, ಮೇಲಿನ ಕೊಬ್ಬು ತೆಗೆಯಿರಿ. ಸೋಸುವಾಗ ಜರಡಿಯ ಮೇಲೆ ತೆಳು ಬಟ್ಟೆ ಹಾಸಿ ಎರಡು ಸಲ ಸೋಸಿ. ಕುಕ್ಕರ್‌ನಲ್ಲಿ ಬೆಂದ ಪಕ್ಕೆಮೂಳೆ ಸೂಜಿಯಂಥ ಚೂರುಗಳಾಗಿ ಒಡೆಯುತ್ತದೆ, ಬರೀ ಜರಡಿಯಲ್ಲಿ ಅದು ಜಾರಿ ಬರಬಹುದು. ಲೋಟದಲ್ಲಿ ಕುಡಿಸಿ ಹೊಟ್ಟೆ ತುಂಬಿಸುವುದು ಬೇಡ. ಮೆತ್ತಗಿನ ಅನ್ನ ಬೇಳೆಗೆ ಎರಡು ಮೂರು ಚಮಚ ಕಲಸಿ ಕೊಡಿ, ಊಟ ಊಟವಾಗಿಯೇ ಇರಲಿ.

ದೊಡ್ಡವರಿಗೆ ಬರೀ ಬಟ್ಟಲಲ್ಲಿ ಕುಡಿದೇ ಮುಗಿಸಬೇಕು ಅಂತಿಲ್ಲ. ಮೆಣಸು ಜೀರಿಗೆ ಕುಟ್ಟಿ ಹಾಕಿ ಒಗ್ಗರಣೆ ಕೊಟ್ಟರೆ ಮಳೆಗಾಲದ ಸಾರಾಗುತ್ತದೆ. ಜೀರಿಗೆ ಸಾಂಬಾ ಅಕ್ಕಿಯ ದೊನ್ನೆ ಬಿರಿಯಾನಿ ಮಾಡುವಾಗ ನೀರಿನ ಬದಲು ಇದನ್ನು ಅಳೆದು ಹಾಕಿ, ಅನ್ನದ ಒಂದೊಂದು ಅಗುಳೂ ಕೋಳಿಯ ರುಚಿ ಹಿಡಿಯುತ್ತದೆ. ನನಗೆ ಬ್ರಾತ್‌ನ ಅತ್ಯುತ್ತಮ ಉಪಯೋಗ ಅಂದರೆ ಇದೇ.

ಸೋಸಿ ಉಳಿದ ಮೂಳೆಗೆ ಮತ್ತೊಮ್ಮೆ, ಮೊದಲಿನ ಅರ್ಧದಷ್ಟು ನೀರು ಹಾಕಿ ಅರ್ಧ ಗಂಟೆ ಕೂಗಿಸಬಹುದು. ತೆಳುವಾಗಿಯೇ ಬರುತ್ತದೆ, ಆದರೆ ಅನ್ನಕ್ಕೆ, ಮುಂದಿನ ಸಲದ ಬ್ರಾತ್‌ಗೆ ಆಗುತ್ತದೆ. ಅಲ್ಲಿಗೆ ಮುಗಿಯಿತು. ಬೀದಿ ನಾಯಿಗೆ ಹಾಕೋಣ ಅನ್ನಿಸಿದರೆ ಹಾಕಬೇಡಿ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ಹಸಿ ಕಸದ ಬುಟ್ಟಿಗೆ ಹಾಕಿ, ಅಥವಾ ಕುಕ್ಕರ್‌ನಲ್ಲಿ ಮೆತ್ತಗಾದ ಮೂಳೆಯನ್ನು ಪುಡಿಮಾಡಿ ಕರಿಬೇವಿನ ಗಿಡದ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ. ಮೇಲೆ ಮೇಲೆ ಹೂತರೆ ಇಲಿ, ಹೆಗ್ಗಣ ಕೆದಕಿಬಿಡುತ್ತವೆ.